ಫೋಟೊ ಅಂಚು ಕರಗಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಮನೆಗಳ ನಡುಮನೆಯಲ್ಲಿ ಅಜ್ಜ ಅಜ್ಜಿಯ ಫೋಟೊ ನೋಡಿರುತ್ತೀರಿ. ಮುಖ ಸ್ಪಷ್ಟವಾಗಿರುತ್ತದೆ. ಹೆಗಲಿಂದ ಕೆಳಗೆ ಬರುತ್ತಾ ಬಣ್ಣ ತಿಳಿಯಾಗುತ್ತದೆ, ಎದೆಯ ಹತ್ತಿರ ಕಾಗದದ ಬಿಳಿಯಲ್ಲಿ ಸೇರಿಹೋಗುತ್ತದೆ. ಫೋಟೊ ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವುದು ಹೇಗೆ ಅಂತ ಕೇಳುವವರು ಈಗಲೂ ತುಂಬಾ ಜನ. ಷಷ್ಟ್ಯಬ್ದಿಯ ಆಹ್ವಾನ ಪತ್ರಿಕೆಗೆ, ಮದುವೆ ಆಲ್ಬಂಗೆ, ಶ್ರದ್ಧಾಂಜಲಿ ಜಾಹೀರಾತಿಗೆ. ಕೆಲವು ವರ್ಷ ಸ್ಟುಡಿಯೊ ಒಂದರಲ್ಲಿ ಕೂತು ಇದನ್ನೇ ಮಾಡಿದವನು ನಾನು. ನನ್ನನ್ನು ಜಾಸ್ತಿ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಇದಕ್ಕೆ ಹೆಸರೇನು? ಸಾಫ್ಟ್‌ವೇರ್‌ನಲ್ಲಿ ಏನಂತ ಹುಡುಕಬೇಕು?

ಮೂರು ಹೆಸರು ನೆನಪಿಟ್ಟುಕೊಳ್ಳಿ. ಫೋಟೊಶಾಪ್, ಜಿಂಪ್, ಫೋಟೊಪಿಯಾಗಳಲ್ಲಿ ಇದು ಫೆದರ್. ವರ್ಡ್, ಪವರ್‌ಪಾಯಿಂಟ್‌ಗಳಲ್ಲಿ ಸಾಫ್ಟ್ ಎಡ್ಜಸ್. ಮೊಬೈಲ್ ಆ್ಯಪ್‌ಗಳಲ್ಲಿ ವಿಗ್ನೆಟ್.

ವಿಗ್ನೆಟ್ ಅನ್ನುವುದು ಫ್ರೆಂಚ್ ಮಾತು, ಚಿಕ್ಕ ಬಳ್ಳಿ ಅಂತ ಅರ್ಥ. ಹಳೆಯ ಪುಸ್ತಕಗಳ ಪುಟದಲ್ಲಿ ದ್ರಾಕ್ಷಿ ಬಳ್ಳಿಯ ಚಿತ್ತಾರ ಬಿಡಿಸುತ್ತಿದ್ದರು. ಚೌಕಟ್ಟಿಲ್ಲದೆ ಕಾಗದದೊಳಕ್ಕೆ ಹರಡಿಕೊಳ್ಳುವ ಚಿತ್ರಗಳಿಗೆ ಆ ಹೆಸರು ಬಂತು, ಆಮೇಲೆ ಫೋಟೊಗೂ ಅಂಟಿತು. ಈಗ ಮೂಲೆಗಳು ಕಪ್ಪಗಾಗುವುದನ್ನೂ ವಿಗ್ನೆಟ್ ಅನ್ನುತ್ತಾರೆ. ಹಾಗಾಗಿ ಆ್ಯಪ್‌ನಲ್ಲಿ ಅದನ್ನು ಒತ್ತಿದರೆ ಮೊದಲು ಕಪ್ಪು ಮೂಲೆ ಬರುತ್ತದೆ. ಗಾಬರಿ ಬೇಡ, ಸ್ಲೈಡರನ್ನು ಇನ್ನೊಂದು ಕಡೆಗೆ ಎಳೆದರೆ ಬಿಳಿಯಾಗುತ್ತದೆ.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೇಗೆ ಮಾಡುತ್ತಿದ್ದರು?

ರಟ್ಟಿನಿಂದ. ರಟ್ಟಿನ ನಡುವೆ ಒಂದು ತೂತು ಕತ್ತರಿಸುತ್ತಿದ್ದರು. ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರ್‌ನ, ಅಂದರೆ ಫಿಲ್ಮಿನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರದ, ಲೆನ್ಸಿಗೂ ಕೆಳಗಿನ ಕಾಗದಕ್ಕೂ ನಡುವೆ ಆ ರಟ್ಟನ್ನು ಹಿಡಿಯುತ್ತಿದ್ದರು. ತೂತಿನಿಂದ ಬಂದ ಬೆಳಕು ಮಾತ್ರ ಕಾಗದಕ್ಕೆ ಬೀಳುತ್ತಿತ್ತು. ಬೆಳಕು ಬೀಳದ ಜಾಗ ಬಿಳಿಯಾಗಿಯೇ ಉಳಿಯುತ್ತಿತ್ತು. ಬೆಳಕು ಬೀಳುವಷ್ಟು ಹೊತ್ತೂ ರಟ್ಟನ್ನು ಸ್ವಲ್ಪ ಸ್ವಲ್ಪ ಅಲುಗಾಡಿಸುತ್ತಲೇ ಇರಬೇಕಿತ್ತು. ಕೈ ನಿಂತರೆ ಗೆರೆ ಬೀಳುತ್ತಿತ್ತು.

ಇಲ್ಲಿ ನಮಗೆ ಬೇಕಾದ ಒಂದು ವಿಷಯ ಇದೆ. ಒಬ್ಬರೇ ಇರುವ ಚಿತ್ರಗಳಿಗೆ ಆ ತೂತು ಬರೀ ಮೊಟ್ಟೆಯಾಕಾರ ಇರುತ್ತಿರಲಿಲ್ಲ. ಪೇರಲೆ ಹಣ್ಣಿನ ಹಾಗೆ ಮೇಲೆ ಸಣ್ಣ, ಕೆಳಗೆ ಅಗಲ ಇರುವ ತೂತುಗಳನ್ನೂ ಬಳಸುತ್ತಿದ್ದರು. ತಲೆಗಿಂತ ಹೆಗಲು ಅಗಲ ಅಲ್ವಾ? ನೇರ ಮೊಟ್ಟೆಯಾಕಾರ ಹಾಕಿದರೆ ತಲೆಯ ಪಕ್ಕ ಖಾಲಿ ಜಾಗ ಉಳಿಯುತ್ತದೆ, ಹೆಗಲು ಮಾತ್ರ ಕತ್ತರಿಸಿದ ಹಾಗೆ ಕಾಣುತ್ತದೆ. ನೀವೂ ಲ್ಯಾಸೊ ಟೂಲ್, ಅಂದರೆ ಕೈಯಾರೆ ಗೆರೆ ಎಳೆದು ಜಾಗ ಆಯುವ ಟೂಲ್, ಹಿಡಿದು ಪೇರಲೆ ಆಕಾರ ಬಿಡಿಸಿ ನೋಡಿ. ಕೈ ನಡುಗಿ ಸೊಟ್ಟ ಬಂದರೂ ಚಿಂತೆಯಿಲ್ಲ, ಫೆದರ್ ಹಾಕಿದ ಮೇಲೆ ಸೊಟ್ಟ ಕಾಣುವುದಿಲ್ಲ.

ಫೆದರ್ ಅಂದರೆ ಫೋಟೊ ಬ್ಲರ್ ಆಗುವುದಾ?

ಅಲ್ಲ. ಇಲ್ಲೇ ಜಾಸ್ತಿ ಜನ ಎಡವುವುದು. ಬ್ಲರ್ ಮಾಡಿದರೆ ಫೋಟೊದ ಚುಕ್ಕಿಗಳು ಒಂದಕ್ಕೊಂದು ಕಲಸಿಹೋಗುತ್ತವೆ, ಸೀರೆಯ ಅಂಚು ಸೀರೆಯ ಅಂಚಾಗಿ ಕಾಣುವುದಿಲ್ಲ. ಫೆದರ್ ಹಾಕಿದರೆ ಫೋಟೊ ಇದ್ದ ಹಾಗೇ ಇರುತ್ತದೆ. ಅದು ಎಷ್ಟು ಕಾಣಬೇಕು ಅನ್ನುವುದಷ್ಟೇ ಬದಲಾಗುತ್ತದೆ.

ನೀವು ಒಂದು ಜಾಗ ಸೆಲೆಕ್ಟ್ ಮಾಡಿದಾಗ ಸಾಫ್ಟ್‌ವೇರ್ ಒಳಗೆ ಒಂದು ಕಪ್ಪು ಬಿಳುಪು ನಕ್ಷೆ ಹುಟ್ಟುತ್ತದೆ. ಆಯ್ದ ಜಾಗ ಬಿಳಿ, ಅಂದರೆ 255. ಬಿಟ್ಟ ಜಾಗ ಕಪ್ಪು, ಅಂದರೆ 0. ಫೆದರ್ ಈ ನಕ್ಷೆಯನ್ನು ಮಾತ್ರ ಬ್ಲರ್ ಮಾಡುತ್ತದೆ. ಆಗ ಬಿಳಿಗೂ ಕಪ್ಪಿಗೂ ನಡುವೆ ಬೂದು ಬಣ್ಣದ ಮೆಟ್ಟಿಲುಗಳು ಹುಟ್ಟುತ್ತವೆ. 128ರ ಹತ್ತಿರ ಇರುವ ಚುಕ್ಕಿ ಅರ್ಧ ಕಾಣುತ್ತದೆ, 25 ಇರುವುದು ಹತ್ತರಲ್ಲಿ ಒಂದು ಪಾಲು ಕಾಣುತ್ತದೆ. ಇದೊಂದು ಅರ್ಥವಾದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ದುಡ್ಡು ಕೊಡದೆ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಜಿಂಪ್. 1990ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ್ದು. ಇವತ್ತಿಗೂ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇನ್‌ಸ್ಟಾಲ್ ಮಾಡುವ ಗೋಜು ಬೇಡ ಅನ್ನುವವರು ಬ್ರೌಸರ್‌ನಲ್ಲೇ ಫೋಟೊಪಿಯಾ ತೆರೆಯಬಹುದು. ಜಾಹೀರಾತು ಪಕ್ಕದಲ್ಲಿ ಕುಣಿಯುತ್ತಿರುತ್ತದೆ, ಅಷ್ಟೇ. ಫೋಟೊಶಾಪ್ ಬಲ್ಲವರಿಗೆ ಅದರ ಮೆನು ಹೊಸದೇನೂ ಅನಿಸುವುದಿಲ್ಲ.

ಜಿಂಪ್‌ನಲ್ಲಿ ಒಂದೊಂದೇ ಹೆಜ್ಜೆ ಹೇಳಿ.

ಫೋಟೊ ತೆರೆಯಿರಿ. ಲೇಯರ್ ಅಂದರೆ ಒಂದರ ಮೇಲೊಂದು ಇಡುವ ಗಾಜಿನ ಹಾಳೆಯಂಥ ಪದರ. ಲೇಯರ್ ಮೆನುವಿನಲ್ಲಿ ಟ್ರಾನ್ಸ್‌ಪರೆನ್ಸಿ, ಅದರೊಳಗೆ ಆಡ್ ಆಲ್ಫಾ ಚಾನೆಲ್ ಒತ್ತಿ. ಇದರಿಂದ ಫೋಟೊಗೆ ಪಾರದರ್ಶಕವಾಗುವ ಗುಣ ಬರುತ್ತದೆ. ಜೆಪೆಗ್ ಫೋಟೊಗೆ ಮೊದಲಿಗೆ ಆ ಗುಣ ಇರುವುದಿಲ್ಲ.

ಈಗ ಕೀಬೋರ್ಡಿನಲ್ಲಿ 'ಇ' ಒತ್ತಿದರೆ ಮೊಟ್ಟೆಯಾಕಾರದ ಸೆಲೆಕ್ಟ್ ಟೂಲ್ ಬರುತ್ತದೆ. ಮುಖದ ಸುತ್ತ ಎಳೆಯಿರಿ. ಸೆಲೆಕ್ಟ್ ಮೆನುವಿನಲ್ಲಿ ಫೆದರ್ ಒತ್ತಿ ಅಳತೆ ಕೊಡಿ. ಎಷ್ಟು ಅಂತ ಮುಂದೆ ಹೇಳುತ್ತೇನೆ, ಸದ್ಯಕ್ಕೆ 200 ಇರಲಿ. ಆಮೇಲೆ ಬಲಗಡೆಯ ಲೇಯರ್ ಪಟ್ಟಿಯಲ್ಲಿ ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ಆಡ್ ಲೇಯರ್ ಮಾಸ್ಕ್ ಆರಿಸಿ. ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ಅದರಲ್ಲಿ ಸೆಲೆಕ್ಷನ್ ಅನ್ನುವುದಕ್ಕೆ ಗುರುತು ಹಾಕಿ ಆಡ್ ಒತ್ತಿ. ಮಾಸ್ಕ್ ಅಂದರೆ ಆಗಲೇ ಹೇಳಿದ ಕಪ್ಪು ಬಿಳುಪು ನಕ್ಷೆಯನ್ನೇ ಫೋಟೊಗೆ ಅಂಟಿಸಿದ್ದು. ಅಷ್ಟೇ, ಅಂಚು ಕರಗಿತು.

ಹಿಂದೆ ಬಿಳಿ ಬೇಕಿದ್ದರೆ ಹೊಸ ಲೇಯರ್ ಮಾಡಿ ಬಿಳಿ ತುಂಬಿ ಫೋಟೊದ ಕೆಳಕ್ಕೆ ಎಳೆದಿಡಿ. ಹಳೇ ಕಾಲದ ಕಳೆ ಬೇಕಾದರೆ ಅಪ್ಪಟ ಬಿಳಿ ಬೇಡ, ಒಂಚೂರು ಹಳದಿ ಬೆರೆತ ಬಿಳಿ ಹಾಕಿ. ಹಾಲಿನ ಕೆನೆಯ ಬಣ್ಣ.

ಇಷ್ಟೂ ಬೇಡ, ಒಂದೇ ಕ್ಲಿಕ್ ಸಾಕು ಅನ್ನುವವರಿಗೆ ಫಿಲ್ಟರ್ಸ್ ಮೆನುವಿನ ಡೆಕೋರ್‌ನಲ್ಲಿ ಫಜಿ ಬಾರ್ಡರ್ ಇದೆ. ಅದು ಅಂಚನ್ನು ಸ್ವಲ್ಪ ಉದುರುದುರಾಗಿ ಮಾಡುತ್ತದೆ. ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ಫೋಟೊಶಾಪ್‌ನಲ್ಲಿ?

ದಾರಿ ಅದೇ. ಲೇಯರ್ ಪಟ್ಟಿಯಲ್ಲಿ ಬ್ಯಾಕ್‌ಗ್ರೌಂಡ್ ಅನ್ನುವ ಲೇಯರ್‌ಗೆ ಬೀಗ ಬಿದ್ದಿರುತ್ತದೆ, ಡಬಲ್ ಕ್ಲಿಕ್ ಮಾಡಿ ಬಿಡಿಸಿ. ಮೊಟ್ಟೆಯಾಕಾರದಲ್ಲಿ ಸೆಲೆಕ್ಟ್ ಮಾಡಿ, ಲೇಯರ್ ಪಟ್ಟಿಯ ಕೆಳಗಿರುವ ಮಾಸ್ಕ್ ಗುರುತು ಒತ್ತಿ. ಮೊದಲೇ ಫೆದರ್ ಹಾಕಬೇಡಿ. ಮಾಸ್ಕ್ ಬಂದ ಮೇಲೆ ಪ್ರಾಪರ್ಟೀಸ್ ಪಟ್ಟಿಯಲ್ಲಿ ಫೆದರ್ ಸ್ಲೈಡರ್ ಕಾಣುತ್ತದೆ, ಅದನ್ನು ಎಳೆಯುತ್ತಾ ಕಣ್ಣಿಗೆ ಸರಿ ಕಂಡಲ್ಲಿ ನಿಲ್ಲಿಸಿ. ನಾಳೆ ಗಿರಾಕಿ ಬಂದು 'ಇನ್ನೂ ಸ್ವಲ್ಪ ಜಾಸ್ತಿ ಮಾಡಿ ಸರ್' ಅಂದರೆ ಅದೇ ಸ್ಲೈಡರ್ ಮತ್ತೆ ಎಳೆದರಾಯಿತು. ಹಳೆಯ ರೀತಿಯಲ್ಲಿ, ಅಂದರೆ ಶಿಫ್ಟ್ ಜೊತೆ ಎಫ್6 ಒತ್ತಿ ಫೆದರ್ ಹಾಕಿದರೆ ಈ ಅನುಕೂಲ ಇಲ್ಲ.

ಇನ್ನೊಂದು ಬಲೆ ಇದೆ. ಸೆಲೆಕ್ಟ್ ಟೂಲ್ ಹಿಡಿದಾಗ ಮೇಲಿನ ಪಟ್ಟಿಯಲ್ಲೂ ಒಂದು ಫೆದರ್ ಪೆಟ್ಟಿಗೆ ಇರುತ್ತದೆ. ಅಲ್ಲಿ 50 ಅಂತ ಕೊಟ್ಟು ಮರೆತರೆ ಮುಂದೆ ಮಾಡುವ ಎಲ್ಲಾ ಸೆಲೆಕ್ಷನ್‌ಗೂ 50 ಅಂಟಿಕೊಳ್ಳುತ್ತದೆ. ಮಾರನೇ ದಿನ ಪಾಸ್‌ಪೋರ್ಟ್ ಸೈಜ್ ಫೋಟೊ ಕತ್ತರಿಸುವಾಗ ಅಂಚು ಯಾಕೋ ಮಸುಕು ಮಸುಕು ಅಂತ ತಲೆ ಕೆರೆದುಕೊಳ್ಳುತ್ತೀರಿ. ಕಂಪ್ಯೂಟರಿಗೆ ವೈರಸ್ ಬಂದಿಲ್ಲ, ಆ ಪೆಟ್ಟಿಗೆಯನ್ನು 0 ಮಾಡಿ.

ಎಷ್ಟು ಪಿಕ್ಸೆಲ್ ಫೆದರ್ ಕೊಡಬೇಕು?

ಇದಕ್ಕೆ ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಡಿ. ಫೋಟೊ ಎಷ್ಟು ದೊಡ್ಡದು ಅನ್ನುವುದರ ಮೇಲೆ ಇದೆ. 600 ಪಿಕ್ಸೆಲ್ ಅಗಲದ ಫೋಟೊದಲ್ಲಿ 40 ಪಿಕ್ಸೆಲ್ ಎದ್ದು ಕಾಣುತ್ತದೆ. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೊ 4000ಕ್ಕೆ 3000 ಇರುತ್ತದೆ. ಅದರಲ್ಲಿ 40 ಹಾಕಿದರೆ ಹಾಕಿದ್ದೇ ಗೊತ್ತಾಗುವುದಿಲ್ಲ. 'ಸರ್, ಫೆದರ್ ಕೆಲಸಾನೇ ಮಾಡ್ತಿಲ್ಲ' ಅನ್ನುವ ದೂರು ಹೆಚ್ಚಾಗಿ ಇದೇ.

ಸಾಫ್ಟ್‌ವೇರ್ ಬದಲಾದರೂ ಲೆಕ್ಕ ಬದಲಾಗುತ್ತದೆ. ಜಿಂಪ್‌ನ 100ಕ್ಕಿಂತ ಫೋಟೊಶಾಪ್‌ನ 100 ತುಂಬಾ ಅಗಲ ಹರಡುತ್ತದೆ. ನಾನು ಶುರು ಮಾಡುವುದು ಹೀಗೆ. ಫೋಟೊದ ಗಿಡ್ಡ ಬದಿ 3000 ಇದ್ದರೆ ಜಿಂಪ್‌ನಲ್ಲಿ 250, ಫೋಟೊಶಾಪ್‌ನಲ್ಲಿ 80. ಇದು ನನ್ನ ಕಣ್ಣಿನ ಲೆಕ್ಕ, ಶಾಸ್ತ್ರ ಅಲ್ಲ. ಇಲ್ಲಿಂದ ಹೆಚ್ಚು ಕಮ್ಮಿ ಮಾಡಿಕೊಳ್ಳಿ.

ಪ್ರಿಂಟ್‌ಗೆ ಯೋಚಿಸುವಾಗ ಪಿಕ್ಸೆಲ್ ಬಿಟ್ಟು ಇಂಚಿನಲ್ಲಿ ಯೋಚಿಸಿ. 300 ಡಿಪಿಐ ಅಂದರೆ ಒಂದು ಇಂಚಿಗೆ 300 ಪಿಕ್ಸೆಲ್. 4ಕ್ಕೆ 6 ಇಂಚಿನ ಪ್ರಿಂಟ್ 1200ಕ್ಕೆ 1800 ಪಿಕ್ಸೆಲ್ ಆಯಿತು. ಅದರಲ್ಲಿ ಅರ್ಧ ಇಂಚು ಕರಗಬೇಕು ಅಂದರೆ ಕರಗುವ ಪಟ್ಟಿ 150 ಪಿಕ್ಸೆಲ್.

ಫೋಟೊದ ಸುತ್ತ ಕರಗಿಸಿದೆ, ಆದರೆ ಕೊನೆಯಲ್ಲಿ ಒಂದು ಗೆರೆ ಉಳಿದುಬಿಟ್ಟಿದೆ. ಯಾಕೆ?

ನೀವು ಫೋಟೊದ ತುದಿಯವರೆಗೂ ಸೆಲೆಕ್ಟ್ ಮಾಡಿದ್ದೀರಿ. ಫೆದರ್ ಅನ್ನುವುದು ಸೆಲೆಕ್ಷನ್ ಗೆರೆಯ ಒಳಗಡೆ ಅರ್ಧ, ಹೊರಗಡೆ ಅರ್ಧ ಹರಡುತ್ತದೆ. ಗೆರೆಯ ಮೇಲೆ ಫೋಟೊ ಇನ್ನೂ ಅರ್ಧ ಕಾಣುತ್ತಲೇ ಇರುತ್ತದೆ. ಗೆರೆಯೇ ಫೋಟೊದ ತುದಿಯಲ್ಲಿದ್ದರೆ ಉಳಿದರ್ಧ ಕರಗಲು ಜಾಗವೇ ಇಲ್ಲ. ಹಾಗಾಗಿ ಅಲ್ಲೇ ತಟ್ಟನೆ ನಿಂತುಬಿಡುತ್ತದೆ.

ಪರಿಹಾರ ಸುಲಭ. ಸೆಲೆಕ್ಷನ್ನನ್ನು ಮೊದಲು ಒಳಕ್ಕೆ ಕುಗ್ಗಿಸಿ, ಆಮೇಲೆ ಫೆದರ್ ಹಾಕಿ. ಜಿಂಪ್‌ನಲ್ಲಿ ಸೆಲೆಕ್ಟ್ ಮೆನುವಿನ ಶ್ರಿಂಕ್, ಫೋಟೊಶಾಪ್‌ನಲ್ಲಿ ಸೆಲೆಕ್ಟ್, ಮಾಡಿಫೈ, ಕಾಂಟ್ರಾಕ್ಟ್. ಜಿಂಪ್‌ನಲ್ಲಿ ಫೆದರ್ ಎಷ್ಟೋ ಅಷ್ಟು ಕುಗ್ಗಿಸಿದರೆ ಸಾಕು. ಫೋಟೊಶಾಪ್‌ನಲ್ಲಿ ಅದರ ಎರಡು, ಎರಡೂವರೆ ಪಟ್ಟು ಬೇಕು.

ನೇರ ಚೌಕ ಸೆಲೆಕ್ಟ್ ಮಾಡಿದ್ದೆ, ಫೆದರ್ ಹಾಕಿದ ಮೇಲೆ ಮೂಲೆಗಳು ದುಂಡಗಾದವು.

ತಪ್ಪೇನಿಲ್ಲ. ಪರದೆ ಮೇಲೆ ಇರುವೆ ಸಾಲಿನ ಹಾಗೆ ಓಡುವ ಚುಕ್ಕಿ ಗೆರೆ ಅರ್ಧಕ್ಕಿಂತ ಹೆಚ್ಚು ಸೆಲೆಕ್ಟ್ ಆದ ಜಾಗವನ್ನು ಮಾತ್ರ ಸುತ್ತುತ್ತದೆ. ಮೂಲೆಯಲ್ಲಿ ಎರಡು ಕಡೆಯಿಂದ ಕರಗುವುದರಿಂದ ಅಲ್ಲಿ ಬೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಚಿಕ್ಕ ಸೆಲೆಕ್ಷನ್‌ಗೆ ದೊಡ್ಡ ಫೆದರ್ ಕೊಟ್ಟರೆ ಫೋಟೊಶಾಪ್ ಒಂದು ಎಚ್ಚರಿಕೆ ತೋರಿಸುತ್ತದೆ. ಯಾವ ಪಿಕ್ಸೆಲ್ಲೂ 50 ಪರ್ಸೆಂಟಿಗಿಂತ ಹೆಚ್ಚು ಸೆಲೆಕ್ಟ್ ಆಗಿಲ್ಲ, ಅಂಚು ಕಾಣುವುದಿಲ್ಲ ಅಂತ. ಚುಕ್ಕಿ ಗೆರೆ ಮಾಯವಾದರೂ ಸೆಲೆಕ್ಷನ್ ಒಳಗೆ ಇದ್ದೇ ಇರುತ್ತದೆ. ಅದು ಗೊತ್ತಿಲ್ಲದೆ ಬ್ರಷ್ ಹಿಡಿದರೆ ಒಂದು ಕಡೆ ಮಾತ್ರ ಬಣ್ಣ ತಿಳಿಯಾಗಿ ಬೀಳುತ್ತದೆ, ಬೇರೆ ಕಡೆ ಬೀಳುವುದೇ ಇಲ್ಲ. ಕಂಟ್ರೋಲ್ ಮತ್ತು ಡಿ ಒತ್ತಿ ಬಿಡಿಸಿಕೊಳ್ಳಿ.

ಮಾಸ್ಕ್ ಯಾಕೆ? ಸೆಲೆಕ್ಷನ್ ಉಲ್ಟಾ ಮಾಡಿ ಡಿಲೀಟ್ ಒತ್ತಿದರೆ ಸಾಕಲ್ವಾ?

ಸಾಕು, ಒಂದೇ ಸಲ ಒತ್ತಿದರೆ. ಆದರೆ ಯಾರೂ ಒಂದೇ ಸಲ ಒತ್ತಿ ಬಿಡುವುದಿಲ್ಲ. ಸರಿಯಾಗಿ ಕರಗಿಲ್ಲ ಅನಿಸಿ ಇನ್ನೊಮ್ಮೆ ಒತ್ತುತ್ತಾರೆ. ಮೊದಲ ಸಲ ಅರ್ಧ ಉಳಿದಿದ್ದ ಜಾಗ ಎರಡನೇ ಸಲಕ್ಕೆ ಕಾಲು ಭಾಗ ಆಗುತ್ತದೆ, ಮೂರನೇ ಸಲಕ್ಕೆ ಎಂಟರಲ್ಲಿ ಒಂದು ಪಾಲು. ಒತ್ತಿದಷ್ಟೂ ಕರಗುವ ಪಟ್ಟಿ ಒಳಕ್ಕೆ ಸರಿಯುತ್ತದೆ, ಸಣ್ಣದಾಗುತ್ತದೆ, ಅಂಚು ಗಡುಸಾಗುತ್ತದೆ. ಮೆತ್ತಗೆ ಮಾಡಲು ಹೋಗಿ ಕತ್ತರಿ ಹಾಕಿದ ಹಾಗೆ ಆಗುತ್ತದೆ.

ಅಳಿಸಿದ ಫೋಟೊ ಸೇವ್ ಮಾಡಿ ಮುಚ್ಚಿದರೆ ಹೋಯಿತು, ಅಜ್ಜನ ಪೇಟದ ತುದಿ ಮತ್ತೆ ಬರುವುದಿಲ್ಲ. ಮಾಸ್ಕ್‌ನಲ್ಲಿ ಏನೂ ಅಳಿಯುವುದಿಲ್ಲ. ಕಪ್ಪು ಬಳಿದರೆ ಮರೆಯಾಗುತ್ತದೆ, ಬಿಳಿ ಬಳಿದರೆ ವಾಪಸ್ ಬರುತ್ತದೆ, ಬೂದು ಬಳಿದರೆ ಅರ್ಧಂಬರ್ಧ ಕಾಣುತ್ತದೆ. ಕೆಲಸದ ಫೈಲನ್ನು ಜಿಂಪ್‌ನಲ್ಲಿ ಎಕ್ಸ್‌ಸಿಎಫ್ ಆಗಿ, ಫೋಟೊಶಾಪ್‌ನಲ್ಲಿ ಪಿಎಸ್‌ಡಿ ಆಗಿ ಇಟ್ಟುಕೊಳ್ಳಿ. ಗಿರಾಕಿಗೆ ಕೊಡುವುದು ಬೇರೆ ಫೈಲ್.

ಸೇವ್ ಮಾಡಿದ ಮೇಲೆ ಕರಗಿದ ಜಾಗ ಕಪ್ಪಗೆ ಬಂತು!

ಜೆಪೆಗ್ ಆಗಿ ಸೇವ್ ಮಾಡಿರುತ್ತೀರಿ. ಜೆಪೆಗ್‌ಗೆ ಪಾರದರ್ಶಕ ಅನ್ನುವುದೇ ಗೊತ್ತಿಲ್ಲ, ಖಾಲಿ ಜಾಗಕ್ಕೆ ಬಿಳಿಯೋ ಕಪ್ಪೋ ಏನೋ ಒಂದು ತುಂಬುತ್ತದೆ. ಹಿಂದೆ ಬಿಳಿ ಲೇಯರ್ ಹಾಕಿ ಮುಗಿಸಿದ್ದರೆ ಜೆಪೆಗ್ ಸಾಕು. ಬೇರೆ ಚಿತ್ರದ ಮೇಲೆ ಕೂರಿಸಬೇಕಾದರೆ ಪಿಎನ್‌ಜಿ ಬೇಕು. ಪಿಎನ್‌ಜಿಯಲ್ಲಿ ಪಾರದರ್ಶಕತೆಗೆ 256 ಮೆಟ್ಟಿಲುಗಳಿವೆ. ಗಿಫ್‌ನಲ್ಲಿ ಎರಡೇ, ಕಾಣುವುದು ಅಥವಾ ಕಾಣದಿರುವುದು. ಅದರಲ್ಲಿ ಮೆತ್ತನೆ ಅಂಚು ಹಾಕಿದರೆ ಇಲಿ ಕಡಿದ ಹಾಗೆ ಬರುತ್ತದೆ.

ಪಿಎನ್‌ಜಿಯನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೂ ಇದೇ ಕಥೆ, ಅಲ್ಲಿ ಅದು ಜೆಪೆಗ್ ಆಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಹಿಂದೆ ಬೂದು ಬಿಳಿ ಚೌಕುಳಿ ಕಾಣುತ್ತಿದೆ. ಅದು ಪ್ರಿಂಟ್ ಆಗುತ್ತದಾ?

ಇಲ್ಲ. ಇಲ್ಲಿ ಏನೂ ಇಲ್ಲ ಅಂತ ಸಾಫ್ಟ್‌ವೇರ್ ಹೇಳುವ ರೀತಿ ಅದು. ಆದರೆ ಇಂಟರ್‌ನೆಟ್‌ನಿಂದ ಇಳಿಸಿದ ಕೆಲವು ಹೂವಿನ ಚಿತ್ರ, ದೇವರ ಚಿತ್ರಗಳಲ್ಲಿ ಆ ಚೌಕುಳಿಯನ್ನೇ ಚಿತ್ರವಾಗಿ ಬರೆದಿರುತ್ತಾರೆ. ಅದು ಪ್ರಿಂಟ್ ಆಗುತ್ತದೆ. ಒಮ್ಮೆ ಮೋಸ ಹೋದರೆ ಆಮೇಲೆ ಮರೆಯುವುದಿಲ್ಲ.

ಒಂದು ಕಡೆ ಮಾತ್ರ ಕರಗಿಸಬೇಕು. ಮದುವೆ ಆಲ್ಬಂನಲ್ಲಿ ಎರಡು ಫೋಟೊ ಬೆರೆತ ಹಾಗೆ ಮಾಡುತ್ತಾರಲ್ಲ, ಅದು ಹೇಗೆ?

ಇಲ್ಲಿ ಸೆಲೆಕ್ಷನ್ ಬೇಡವೇ ಬೇಡ. ಫೋಟೊಗೆ ಬಿಳಿ ಮಾಸ್ಕ್ ಹಾಕಿ, ಮಾಸ್ಕ್ ಮೇಲೆ ಕ್ಲಿಕ್ ಮಾಡಿ, ಗ್ರೇಡಿಯಂಟ್ ಟೂಲ್ ಹಿಡಿಯಿರಿ. ಜಿಂಪ್, ಫೋಟೊಶಾಪ್ ಎರಡರಲ್ಲೂ 'ಜಿ' ಒತ್ತಿದರೆ ಬರುತ್ತದೆ. ಬಣ್ಣ ಕಪ್ಪಿನಿಂದ ಬಿಳಿಗೆ ಇರಲಿ. ಕರಗಬೇಕಾದ ಕಡೆಯಿಂದ ಉಳಿಯಬೇಕಾದ ಕಡೆಗೆ ಎಳೆಯಿರಿ. ಉದ್ದ ಎಳೆದರೆ ನಿಧಾನ ಕರಗುತ್ತದೆ, ಗಿಡ್ಡ ಎಳೆದರೆ ಬೇಗ.

ನಮ್ಮ ಕಡೆ ಕರಿಜ್ಮಾ ಆಲ್ಬಂ ಅನ್ನುತ್ತೇವಲ್ಲ, ಅದರ ತೆರೆದ ಹಾಳೆ ಸಾಮಾನ್ಯವಾಗಿ 12ಕ್ಕೆ 36 ಇಂಚು. 300 ಡಿಪಿಐಗೆ 3600ಕ್ಕೆ 10800 ಪಿಕ್ಸೆಲ್. ಅಷ್ಟು ಅಗಲದ ಹಾಳೆಯಲ್ಲಿ ಎಡಗಡೆ ಧಾರೆಯ ಫೋಟೊ, ಬಲಗಡೆ ಹುಡುಗಿಯ ದೊಡ್ಡ ಮುಖ, ನಡುವೆ ಎರಡೂ ಬೆರೆಯಬೇಕು. ಹೊಸಬರು ಇಲ್ಲಿ ಒಂದು ಫೋಟೊಗೆ ಗ್ರೇಡಿಯಂಟ್ ಹಾಕಿ, ಇನ್ನೊಂದನ್ನು ಅದರ ಪಕ್ಕ ಒತ್ತಿ ಇಡುತ್ತಾರೆ. ಬೆರೆಯುವುದಿಲ್ಲ. ಎರಡೂ ಒಂದರ ಮೇಲೊಂದು ಸಾಕಷ್ಟು ಕೂತಿರಬೇಕು. ನಾನು 1500 ಪಿಕ್ಸೆಲ್, ಅಂದರೆ ಐದು ಇಂಚು ಒಂದರ ಮೇಲೊಂದು ಕೂರಿಸುತ್ತಿದ್ದೆ. ಮೇಲಿನದು ಮಾತ್ರ ಕರಗಬೇಕು, ಕೆಳಗಿನದು ಪೂರ್ತಿ ಇರಬೇಕು. ಎರಡನ್ನೂ ಕರಗಿಸಿದರೆ ನಡುವೆ ಹಾಳೆಯ ಬಿಳಿ ಇಣುಕಿ ಮಂಜು ಕವಿದ ಹಾಗೆ ಕಾಣುತ್ತದೆ.

ಇನ್ನು ಬಣ್ಣ. ಛತ್ರದ ಒಳಗೆ ಹಳದಿ ಲೈಟಿನಲ್ಲಿ ತೆಗೆದ ಫೋಟೊ, ಹೊರಗೆ ಬಿಸಿಲಲ್ಲಿ ತೆಗೆದ ಫೋಟೊ. ಇವೆರಡನ್ನು ಎಷ್ಟೇ ಮೆತ್ತಗೆ ಬೆರೆಸಿದರೂ ಎಲ್ಲಿ ಸೇರಿವೆ ಅಂತ ಗೊತ್ತಾಗಿಬಿಡುತ್ತದೆ. ಮೊದಲು ಎರಡರ ಬಣ್ಣ ಒಂದು ದಾರಿಗೆ ತನ್ನಿ, ಆಮೇಲೆ ಮಾಸ್ಕ್. ಗ್ರೇಡಿಯಂಟ್ ಹಾಕಿದ ಮೇಲೆ ಯಾರದೋ ಕೈ, ಮೈಕ್ ಸ್ಟ್ಯಾಂಡ್, ಕುರ್ಚಿ ಬೆನ್ನು ಅರ್ಧಂಬರ್ಧ ದೆವ್ವದ ಹಾಗೆ ಉಳಿದಿರುತ್ತದೆ. ದೊಡ್ಡ ಬ್ರಷ್ ತೆಗೆದುಕೊಂಡು, ಹಾರ್ಡ್‌ನೆಸ್ 0 ಮಾಡಿ, ಒಪಾಸಿಟಿ 20 ಅಥವಾ 30ಕ್ಕೆ ಇಳಿಸಿ, ಮಾಸ್ಕ್ ಮೇಲೆ ಕಪ್ಪು ಬಣ್ಣದಿಂದ ನಾಲ್ಕೈದು ಸಲ ಸವರಿ. ಒಂದೇ ಸಲಕ್ಕೆ ಗಟ್ಟಿಯಾಗಿ ಬಳಿಯಬೇಡಿ.

ಹಾಳೆ ನಡುವೆ ಮಡಚುವ ಜಾಗದಲ್ಲಿ ಮುಖ ಬರದ ಹಾಗೆ ನೋಡಿಕೊಳ್ಳಿ. ಇದು ಫೆದರ್‌ಗೆ ಸಂಬಂಧಪಟ್ಟಿದ್ದಲ್ಲ, ಆದರೆ ಬೆರೆಸುವ ಖುಷಿಯಲ್ಲಿ ಎಲ್ಲರೂ ಮರೆಯುತ್ತಾರೆ.

ಹಳೆಯ ಫೋಟೊ ಸ್ಕ್ಯಾನ್ ಮಾಡಿದಾಗ ಅದರ ಮೆತ್ತನೆ ಅಂಚು ಹಾಳಾಯಿತು. ಯಾಕೆ?

ಸ್ಕ್ಯಾನರ್‌ನ ಆಟೊ ಕರೆಕ್ಷನ್ ಮಾಡಿದ ಉಪಕಾರ ಅದು. ಕಾಗದದ ಮಾಸಲು ಬಣ್ಣ ನೋಡಿ ಇದು ಬಿಳಿ ಇರಬೇಕು ಅಂದುಕೊಂಡು ಎಲ್ಲವನ್ನೂ ಬೆಳ್ಳಗೆ ಮಾಡುತ್ತದೆ. ಆಗ ಅಂಚಿನ ತೀರಾ ತಿಳಿ ಛಾಯೆಗಳೂ ಬಿಳಿಯ ಜೊತೆ ಕೊಚ್ಚಿಹೋಗುತ್ತವೆ. ಆಟೊ ಎಲ್ಲಾ ತೆಗೆದು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಮಂಕಾಗಿ ಕಾಣಲಿ ಬಿಡಿ, ಆಮೇಲೆ ಕೈಯಾರೆ ತಿದ್ದಬಹುದು. ಹೋದ ಛಾಯೆಯನ್ನು ವಾಪಸ್ ತರಲು ಆಗುವುದಿಲ್ಲ.

ಬಿಳಿಗೆ ಕರಗಿದ ಹಳೆಯ ಫೋಟೊವನ್ನು ಬಣ್ಣದ ಆಹ್ವಾನ ಪತ್ರಿಕೆ ಮೇಲೆ ಕೂರಿಸಿದರೆ ಸುತ್ತ ಬಿಳಿ ಮಬ್ಬು ಕಾಣುತ್ತದೆ.

ಪತ್ರಿಕೆಯ ಬಣ್ಣ ತಿಳಿಯಾಗಿದ್ದರೆ ಲೇಯರ್‌ನ ಮೋಡ್ ಅನ್ನು ಮಲ್ಟಿಪ್ಲೈ ಮಾಡಿ. ಬಿಳಿ ಮಾಯವಾಗುತ್ತದೆ, ಕೆಳಗಿನ ಬಣ್ಣ ಕಾಣುತ್ತದೆ. ಸ್ಕ್ಯಾನ್‌ನ ಕಾಗದದ ಬಣ್ಣ ನಿಜಕ್ಕೂ ಬಿಳಿ ಇರಬೇಕು, ಹಳದಿ ಇದ್ದರೆ ಅದೂ ಪತ್ರಿಕೆ ಮೇಲೆ ಇಳಿಯುತ್ತದೆ. ಮುಖಕ್ಕೂ ಪತ್ರಿಕೆಯ ಬಣ್ಣ ತಗುಲುತ್ತದೆ ಅನ್ನುವುದು ತೊಂದರೆ. ಅದಕ್ಕೆ ಅದೇ ಫೋಟೊದ ಇನ್ನೊಂದು ಪ್ರತಿಯನ್ನು ಮೇಲಿಟ್ಟು, ಮೋಡ್ ನಾರ್ಮಲ್ ಮಾಡಿ, ಮುಖದ ಭಾಗ ಮಾತ್ರ ಕಾಣುವ ಹಾಗೆ ಮೆತ್ತನೆ ಮಾಸ್ಕ್ ಹಾಕಿ.

ಕಡು ಕೆಂಪು, ಕಡು ಹಸಿರು ಹಿನ್ನೆಲೆ ಆದರೆ ಇದು ನಡೆಯುವುದಿಲ್ಲ. ಆಗ ಹಳೆಯ ಕರಗಿದ ಭಾಗ ಬಿಟ್ಟು ಒಳಗಿನಿಂದಲೇ ಹೊಸದಾಗಿ ಫೆದರ್ ಹಾಕಬೇಕು. ನನ್ನನ್ನು ಕೇಳಿದರೆ ಹಿನ್ನೆಲೆಯ ಬಣ್ಣ ಬದಲಿಸಿ ಅನ್ನುತ್ತೇನೆ.

ಪರದೆ ಮೇಲೆ ಚೆನ್ನಾಗಿತ್ತು, ಪೇಪರ್‌ನಲ್ಲಿ ಹಾಳಾಗಿ ಬಂತು.

ನನಗೂ ಆಗಿದೆ. ನಮ್ಮ ತಾತನ ವೈಕುಂಠ ಸಮಾರಾಧನೆಗೆ ಪೇಪರ್‌ನಲ್ಲಿ ಜಾಹೀರಾತು ಕೊಟ್ಟಿದ್ದೆವು. ಫೋಟೊ ನಾನೇ ಮಾಡಿದ್ದು, ಅಂಚು ಬೆಣ್ಣೆ ಹಾಗೆ ಕರಗಿಸಿದ್ದೆ. ಬೆಳಿಗ್ಗೆ ಪೇಪರ್ ತೆರೆದರೆ ತಾತನ ಸುತ್ತ ಬೂದು ಬಳೆ! ಅತ್ತೆ ಸಮಾಧಾನಕ್ಕೆ ಪ್ರಭಾವಳಿ ಥರ ಇದೆ ಬಿಡು ಅಂದರು.

ಮುದ್ರಣದಲ್ಲಿ ತಿಳಿ ಛಾಯೆ ಅಂದರೆ ಸಣ್ಣ ಸಣ್ಣ ಶಾಯಿ ಚುಕ್ಕಿಗಳು. ನ್ಯೂಸ್‌ಪ್ರಿಂಟ್‌ನಲ್ಲಿ ತೀರಾ ಸಣ್ಣ ಚುಕ್ಕಿ ಮೂಡುವುದೇ ಇಲ್ಲ, ಸ್ವಲ್ಪ ದೊಡ್ಡದು ಕಾಗದ ಹೀರಿಕೊಂಡು ಹರಡುತ್ತದೆ. ಹೀಗಾಗಿ ಕರಗುವ ಪಟ್ಟಿಯ ಕೊನೆ ತಟ್ಟನೆ ಕತ್ತರಿಸಿದ ಹಾಗೆ, ನಡುವಿನ ಭಾಗ ಎಣಿಸಿದ್ದಕ್ಕಿಂತ ಕಪ್ಪಗೆ ಬರುತ್ತದೆ. ದಿನಪತ್ರಿಕೆಗೆ ಕೊಡುವಾಗ ಹಿನ್ನೆಲೆಯನ್ನು ಮೊದಲೇ ತಿಳಿ ಮಾಡಿ, ಕರಗುವ ಪಟ್ಟಿ ಸಣ್ಣದಾಗಿಡಿ. ಅಥವಾ ಕರಗಿಸುವುದನ್ನು ಬಿಟ್ಟು ನೀಟಾಗಿ ಚೌಕಟ್ಟು ಹಾಕಿ. ಜೆರಾಕ್ಸ್ ಮಾಡಿಸುವ ಕರಪತ್ರಕ್ಕಂತೂ ಕರಗಿಸಲೇಬೇಡಿ.

ಕರಗುವ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಾಣುತ್ತದೆ.

ಸಾಮಾನ್ಯ ಫೋಟೊದಲ್ಲಿ ಕಪ್ಪಿನಿಂದ ಬಿಳಿಗೆ ಇರುವುದು 256 ಛಾಯೆಗಳಷ್ಟೇ. ಅಗಲ ಜಾಗದಲ್ಲಿ ನಿಧಾನವಾಗಿ ಕರಗುವಾಗ ಒಂದೊಂದು ಮೆಟ್ಟಿಲೂ ಅಗಲವಾಗಿ ಕಣ್ಣಿಗೆ ಬೀಳುತ್ತದೆ, ಕಡು ಬಣ್ಣದಲ್ಲಿ ಇನ್ನೂ ಜಾಸ್ತಿ. ಎಲ್ಲಾ ಲೇಯರ್ ಸೇರಿಸಿದ ಪ್ರತಿಯೊಂದರಲ್ಲಿ ಚೂರೇ ಚೂರು ನಾಯ್ಸ್, ಅಂದರೆ ಮರಳಿನಂಥ ಕಾಳು ಚುಕ್ಕಿ, ಹಾಕಿ. ಒಗ್ಗರಣೆಗೆ ಇಂಗು ಹಾಕಿದಷ್ಟು. ಗ್ರೇಡಿಯಂಟ್ ಟೂಲ್‌ನಲ್ಲಿ ಡಿದರ್ ಅನ್ನುವುದಕ್ಕೆ ಗುರುತು ಇದೆಯಾ ನೋಡಿಕೊಳ್ಳಿ, ಅದು ಚುಕ್ಕಿಗಳನ್ನು ಚದುರಿಸಿ ಪಟ್ಟೆಯನ್ನು ಮರೆಸುತ್ತದೆ.

ಕೂದಲಿನ ಅಂಚಿಗೂ ಫೆದರ್ ಹಾಕಬಹುದಾ?

ಬೇಡ. ಒಂದೆರಡು ಪಿಕ್ಸೆಲ್ ಸರಿ. ಜಾಸ್ತಿ ಹಾಕಿದರೆ ತಲೆ ಸುತ್ತ ಹತ್ತಿ ಅಂಟಿಸಿದ ಹಾಗೆ ಕಾಣುತ್ತದೆ. ಫೋಟೊಶಾಪ್‌ನಲ್ಲಿ ಅದಕ್ಕೆ ಸೆಲೆಕ್ಟ್ ಆ್ಯಂಡ್ ಮಾಸ್ಕ್ ಬೇರೆಯೇ ಇದೆ.

ಕಂಪ್ಯೂಟರ್ ಇಲ್ಲ, ಮೊಬೈಲ್ ಮಾತ್ರ ಇದೆ.

ಸ್ನ್ಯಾಪ್‌ಸೀಡ್ ಹಾಕಿಕೊಳ್ಳಿ, ಉಚಿತ. ಟೂಲ್ಸ್‌ನಲ್ಲಿ ವಿಗ್ನೆಟ್ ಒತ್ತಿ. ನಡುವಿನ ಚುಕ್ಕಿಯನ್ನು ಮುಖದ ಮೇಲೆ ತನ್ನಿ, ಎರಡು ಬೆರಳಿಂದ ವೃತ್ತ ಹಿಗ್ಗಿಸಿ ಕುಗ್ಗಿಸಿ, ಔಟರ್ ಬ್ರೈಟ್‌ನೆಸ್ ಬಲಕ್ಕೆ ಎಳೆಯಿರಿ. ಹಿನ್ನೆಲೆ ತಿಳಿ ಇದ್ದರೆ ಚೆನ್ನಾಗಿ ಬರುತ್ತದೆ. ಕಪ್ಪು ಹಿನ್ನೆಲೆ ಇದ್ದರೆ ಇದರಿಂದ ಕೆಲಸ ಆಗುವುದಿಲ್ಲ. ಯಾಕಂದರೆ ಅದು ಬೆಳಕು ಹೆಚ್ಚಿಸುತ್ತದೆಯೇ ಹೊರತು ಫೋಟೊವನ್ನು ಪಾರದರ್ಶಕ ಮಾಡುವುದಿಲ್ಲ. ಪಾರದರ್ಶಕವೇ ಬೇಕಾದರೆ ಮೊಬೈಲ್ ಬ್ರೌಸರ್‌ನಲ್ಲಿ ಫೋಟೊಪಿಯಾ ತೆರೆಯಬಹುದು, ಆದರೆ ಸಣ್ಣ ಪರದೆಯಲ್ಲಿ ತಾಳ್ಮೆ ಬೇಕು.

ವರ್ಡ್‌ನಲ್ಲೇ ಆಗುತ್ತದಂತಲ್ಲ?

ಆಗುತ್ತದೆ. ನಿಜ ಹೇಳಬೇಕೆಂದರೆ ಮನೆಯಲ್ಲೇ ಒಂದು ಆಹ್ವಾನ ಪತ್ರಿಕೆ ಮಾಡಿಕೊಳ್ಳುವವರಿಗೆ ಇದಕ್ಕಿಂತ ಸುಲಭ ಬೇರೆ ಇಲ್ಲ. ಫೋಟೊ ಮೇಲೆ ಕ್ಲಿಕ್ ಮಾಡಿ, ಪಿಕ್ಚರ್ ಫಾರ್ಮ್ಯಾಟ್‌ನಲ್ಲಿ ಪಿಕ್ಚರ್ ಎಫೆಕ್ಟ್ಸ್, ಅದರಲ್ಲಿ ಸಾಫ್ಟ್ ಎಡ್ಜಸ್. 1ರಿಂದ 50 ಪಾಯಿಂಟ್‌ವರೆಗೆ ಸಿದ್ಧ ಅಳತೆಗಳಿವೆ. 72 ಪಾಯಿಂಟ್ ಒಂದು ಇಂಚು, ಆ ಲೆಕ್ಕದಲ್ಲಿ ನೋಡಿಕೊಳ್ಳಿ. ಮೊಟ್ಟೆಯಾಕಾರ ಬೇಕಾದರೆ ಮೊದಲು ಕ್ರಾಪ್ ಟು ಶೇಪ್‌ನಲ್ಲಿ ಓವಲ್ ಆರಿಸಿ, ಆಮೇಲೆ ಸಾಫ್ಟ್ ಎಡ್ಜಸ್ ಹಾಕಿ.

ಎಐಗೆ ಹೇಳಿದರೆ ಒಂದೇ ನಿಮಿಷದಲ್ಲಿ ಮಾಡಿಕೊಡುತ್ತದೆ, ಇಷ್ಟೆಲ್ಲಾ ಯಾಕೆ?

ಫೋಟೊ ಪೂರ್ತಿ ಹೊಸದಾಗಿ ಬರೆಯುವ ಎಐಗೆ ಕೊಟ್ಟರೆ ಅಂಚಿನ ಜೊತೆ ಮುಖವೂ ಬದಲಾಗಬಹುದು. ಅಜ್ಜಿಯ ಮೂಗುತಿ ಎಡದಿಂದ ಬಲಕ್ಕೆ ಹೋದರೆ ಮನೆಯವರು ಸುಮ್ನೆ ಬಿಡುತ್ತಾರಾ? ಅಂಚು ಕರಗಿಸಲು ಹೊಸದಾಗಿ ಏನನ್ನೂ ಬರೆಯಬೇಕಾಗಿಲ್ಲ, ಇರುವುದನ್ನು ಮರೆ ಮಾಡಿದರೆ ಸಾಕು.

ಯಾವ ಫೋಟೊಗೆ ಇದು ಹೊಂದುವುದಿಲ್ಲ?

ಗುಂಪು ಫೋಟೊಗೆ. ಕೊನೆಯಲ್ಲಿ ನಿಂತ ಚಿಕ್ಕಪ್ಪ ಅರ್ಧ ಕರಗಿರುತ್ತಾರೆ, ಅವರಿಗೆ ಬೇಜಾರಾಗುತ್ತದೆ. ಮನೆ, ದೇವಸ್ಥಾನ, ತೇರಿನ ಫೋಟೊಗಳಿಗೂ ನನಗೆ ಇಷ್ಟವಿಲ್ಲ. ನೇರ ಗೆರೆಗಳು ನಡುವೆ ಮಾಯವಾದರೆ ಕಟ್ಟಡ ಗಾಳಿಯಲ್ಲಿ ತೇಲುವ ಹಾಗೆ ಕಾಣುತ್ತದೆ. ಒಬ್ಬರೋ ಇಬ್ಬರೋ ಇರುವ, ಎದೆಮಟ್ಟದ ಫೋಟೊಗೆ ಚೆನ್ನ. ಅದರಲ್ಲೂ ಕಿವಿ, ಪೇಟ, ಮುಡಿದ ಹೂವು ಕರಗುವ ಪಟ್ಟಿಯೊಳಗೆ ಬರಬಾರದು. ಹೆಗಲ ತುದಿ ಬರಬಹುದು.

ಅಂಚು ಸರಿಯಾಗಿ ಕರಗಿದೆಯಾ ಅಂತ ಪರೀಕ್ಷೆ ಮಾಡುವುದು ಹೇಗೆ?

ಬಿಳಿ ಹಿನ್ನೆಲೆಯಲ್ಲಿ ತಪ್ಪು ಕಾಣುವುದಿಲ್ಲ. ಫೋಟೊದ ಕೆಳಗೆ ಒಂದು ಲೇಯರ್ ಮಾಡಿ ಕಣ್ಣಿಗೆ ಹೊಡೆಯುವ ಹಸಿರು ತುಂಬಿ. ಎಲ್ಲಾದರೂ ಗೆರೆ, ಮರೆತುಹೋದ ಚೂರು, ಮೂಲೆಯಲ್ಲಿ ಕತ್ತರಿಸಿದ ಗುರುತು ಇದ್ದರೆ ತಕ್ಷಣ ಎದ್ದು ಕಾಣುತ್ತದೆ. ಫೋಟೊದ ನಾಲ್ಕೂ ತುದಿಗಳಲ್ಲಿ ಅಪ್ಪಟ ಹಸಿರು ಮಾತ್ರ ಇರಬೇಕು. ಸರಿ ಅನಿಸಿದ ಮೇಲೆ ಹಸಿರು ಲೇಯರ್ ಅಳಿಸುವುದನ್ನು ಮರೆಯಬೇಡಿ. ನಾನು ಒಮ್ಮೆ ಮರೆತು ಲ್ಯಾಬಿಗೆ ಕಳಿಸಿ, 12ಕ್ಕೆ 18 ಇಂಚಿನ ಪಚ್ಚೆ ಹಸಿರು ಅಜ್ಜಿಯನ್ನು ಕೈಗೆ ತೆಗೆದುಕೊಂಡಿದ್ದೇನೆ.